ಅಳಿವೆಯ ಕೆಸರುಬಯಲಿನ ಸೂಕ್ಷ್ಮ ಶೈವಲಗಳು: ಅಘನಾಶಿನಿಯನ್ನು ಕುರಿತ ಒಂದು ಪರಿಶೀಲನೆ

ಪುಣೆಯ ಸ್ವಾರಗೇಟ ಕನ್ನಡಿಗರಿಗೆ ಅಪರಿಚಿತವಾದ ಸ್ಥಳವಲ್ಲ. ದಕ್ಷಿಣ ದಿಕ್ಕಿನ ಊರುಗಳಿಗೆ ಹೊರಡುವ ಬಸ್ಸುಗಳ ದೊಡ್ಡ ನಿಲ್ದಾಣ ಅಲ್ಲಿದೆ. ಅದರ ಸಮೀಪದಲ್ಲಿಯೇ ಖಡಕವಾಸಲಾ ಜಲಾಶಯದಿಂದ ಬರುವ ಮುಠಾ ಬಲದಂಡೆ ಕಾಲುವೆ ಹರಿಯುತ್ತದೆ. ನೀರು ನಿಲ್ಲಿಸಿದ ದಿನಗಳಲ್ಲಿ ಇಂಥ ಕಾಲುವೆಗಳ ದಡದ ಕಲ್ಲಿನ ಮೇಲೂ ತಳದ ಹೂಳಿನ ಮೇಲೂ ಕಂದುಬಣ್ಣದ, ಕಾಲಿಟ್ಟರೆ ಜಾರುವ ತೆಳುವಾದ ಪದರವೊಂದು ಕಾಣಿಸುತ್ತದೆ. ಬಿಸಿಲೇರಿದಂತೆ ಅದು ಒಣಗಿ ಹಪ್ಪಳದಂತೆ ಏಳುತ್ತದೆ. ದಾರಿಹೋಕರ ಕಣ್ಣಿಗೆ ಅದು ಕೊಳೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅದರ ಬಹುಭಾಗ ಡಯಾಟಮ್ ಎಂಬ ಏಕಕೋಶ ಶೈವಲಗಳಿಂದ ಕೂಡಿದ ಸಸ್ಯಸಮುದಾಯವೆಂಬುದು ತಿಳಿಯುತ್ತದೆ. ಈ ಜೀವಿಗಳ ಅಧ್ಯಯನದಲ್ಲಿ ಪುಣೆಗೂ ಕನ್ನಡ ನಾಡಿಗೂ ಹಳೆಯ ಸಂಬಂಧವುಂಟು. ಭಾರತದ ಸಿಹಿನೀರಿನ ಡಯಾಟಮ್‌ಗಳನ್ನು ಕುರಿತು ಜೀವಮಾನವಿಡೀ ಕೆಲಸ ಮಾಡಿದ ಎಚ್. ಪಿ. ಗಾಂಧಿಯವರು ಗೇರುಸೊಪ್ಪೆಯ ಜಲಪಾತ, ಎಂದರೆ ಜೋಗದ ಡಯಾಟಮ್‌ಗಳನ್ನು ವಿವರಿಸಿದ ಲೇಖನವನ್ನು 1957ರಲ್ಲಿ ಪುಣೆ ವಿಶ್ವವಿದ್ಯಾಲಯದ ವಿಜ್ಞಾನ ನಿಯತಕಾಲಿಕದಲ್ಲಿಯೇ ಪ್ರಕಟಿಸಿದರು.

ಆದರೆ ಮುಠೆಯ ನೀರು ಪೂರ್ವಕ್ಕೆ ಹರಿಯತಕ್ಕದ್ದು. ಅದು ಭೀಮೆಯನ್ನು ಸೇರಿ, ಕಲಬುರಗಿ ಸೀಮೆಯನ್ನು ಹಾಯ್ದು, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯನ್ನು ಮುಟ್ಟುವವರೆಗೆ ಉಬ್ಬರವಿಳಿತವೆಂದರೇನೆಂಬುದನ್ನು ಅರಿಯದು. ಘಟ್ಟದ ಪಶ್ಚಿಮಕ್ಕೆ ಇಳಿಯುವ ನದಿಗಳ ಸ್ಥಿತಿ ಬೇರೆ. ಅವು ನೂರಾರು ಮೀಟರು ಧುಮುಕಿ, ಕೆಲವೇ ಗಾವುದಗಳಲ್ಲಿ ಕಡಲನ್ನು ಸೇರುತ್ತವೆ. ಸೇರುವಲ್ಲಿ ದಿನಕ್ಕೆರಡು ಬಾರಿ ಮುಳುಗಿ ಎರಡು ಬಾರಿ ತೆರೆದುಕೊಳ್ಳುವ ಕೆಸರುಬಯಲುಗಳನ್ನು ನಿರ್ಮಿಸುತ್ತವೆ. ಕಾಲುವೆಯ ಕಂದು ಪದರದ ದಾಯಾದಿಗಳು ಅಲ್ಲಿ ಎಷ್ಟೋ ಪಾಲು ಹೆಚ್ಚು ಕಷ್ಟದ, ಎಷ್ಟೋ ಪಾಲು ಹೆಚ್ಚು ಫಲವತ್ತಾದ ಬಾಳನ್ನು ನಡೆಸುತ್ತವೆ. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆಯನ್ನು ಮುಂದಿಟ್ಟುಕೊಂಡು ಆ ಬಾಳಿನ ಸ್ವರೂಪವನ್ನೂ, ಅದನ್ನು ಅರಿಯದೆ ಹೋದರೆ ಆಗಬಹುದಾದ ನಷ್ಟವನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಅಘನಾಶಿನಿ ಶಿರಸಿಯ ಪರಿಸರದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಕೆಳಕ್ಕೆ ಬಿದ್ದು, ಕುಮಟಾ ತಾಲ್ಲೂಕಿನಲ್ಲಿ ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇದಕ್ಕೆ ದೊಡ್ಡ ಅಣೆಕಟ್ಟು ಬಿದ್ದಿಲ್ಲ; ನೆರೆಯ ಶರಾವತಿ, ಕಾಳಿಗಳಿಗೂ ಇದಕ್ಕೂ ಇರುವ ಮುಖ್ಯ ಭೇದವೆಂದರೆ ಇದೇ. ಮಳೆಗಾಲದಲ್ಲಿ ಘಟ್ಟದ ಹೂಳು ತಡೆಯಿಲ್ಲದೆ ಬರುತ್ತದೆ, ಬೇಸಗೆಯಲ್ಲಿ ಉಪ್ಪುನೀರು ತಡೆಯಿಲ್ಲದೆ ಒಳನಾಡಿನತ್ತ ಏರುತ್ತದೆ. ಗೋಕರ್ಣದ ನೆರೆಯ ಹನೇಹಳ್ಳಿಯನ್ನು ಯಶವಂತ ಚಿತ್ತಾಲರ ಕಥೆಗಳ ಮೂಲಕ ಬಲ್ಲ ಸಾಹಿತ್ಯಾಭ್ಯಾಸಿಗಳಿಗೆ ಈ ಸೀಮೆಯ ಹೆಸರುಗಳು ಹೊಸತಾಗಲಾರವು. ಅಲ್ಲಿಯ ಮನುಷ್ಯರನ್ನು ಕನ್ನಡ ಸಾಹಿತ್ಯ ಚೆನ್ನಾಗಿ ಅರಿತಿದೆ. ಅಲ್ಲಿಯ ಕೆಸರನ್ನು ಅಷ್ಟಾಗಿ ಅರಿತಿಲ್ಲವೆಂದೇ ಹೇಳಬೇಕು.

ನೀರು ಇಳಿದಾಗ ತೆರೆದುಕೊಳ್ಳುವ ಬಯಲನ್ನು ಮೊದಲ ಬಾರಿಗೆ ಕಾಣುವವನಿಗೆ ಅದು ಬರಡಾಗಿ ತೋರುತ್ತದೆ. ಅಂಚಿನಲ್ಲಿ ಕಾಂಡ್ಲಾ ಗಿಡಗಳ ಹಸಿರು ಇರಬಹುದು. ಅದನ್ನು ದಾಟಿದರೆ ಹುಲ್ಲಿನ ಎಸಳೂ ಇಲ್ಲದ, ಬೂದುಗಪ್ಪು ಬಣ್ಣದ, ಗಂಧಕದ ವಾಸನೆಯ ಕೆಸರು. ಈ ವಾಸನೆಗೆ ಕಾರಣವಿದೆ. ಮೇಲಿನ ಕೆಲವೇ ಮಿಲಿಮೀಟರುಗಳವರೆಗೆ ಮಾತ್ರ ಆಮ್ಲಜನಕ ಇಳಿಯುತ್ತದೆ. ಅದರ ಕೆಳಗೆ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಗಳು ಸಮುದ್ರದ ನೀರಿನ ಸಲ್ಫೇಟನ್ನು ಬಳಸಿ ಜಲಜನಕದ ಸಲ್ಫೈಡನ್ನು ಹೊರಬಿಡುತ್ತವೆ. ಬೆಳಕೂ ಹಾಗೆಯೇ: ಸಾಂದ್ರವಾದ ಕೆಸರಿನಲ್ಲಿ ಅದು ಎರಡು ಮೂರು ಮಿಲಿಮೀಟರಿಗಿಂತ ಕೆಳಗೆ ಮುಟ್ಟುವುದಿಲ್ಲ. ಆದ್ದರಿಂದ ಈ ಬಯಲಿನಲ್ಲಿ ಸಸ್ಯಜೀವನಕ್ಕೆ ಒದಗಿರುವ ನೆಲದ ದಪ್ಪ ಒಂದು ರಾಗಿಕಾಳಿನಷ್ಟು. ಸಕಲವೂ ಆ ಪದರದೊಳಗೆ ನಡೆಯಬೇಕು.

ಈ ಸಸ್ಯಗಳಿಗೆ ಕನ್ನಡದಲ್ಲಿ ಏನೆಂದು ಕರೆಯಬೇಕೆಂಬುದು ಸಣ್ಣ ಸಮಸ್ಯೆಯಲ್ಲ. ಪಾಚಿ ಎಂಬ ಮಾತು ದ್ರಾವಿಡ ಭಾಷೆಗಳಲ್ಲಿ ಹಸುರಿನ ಅರ್ಥದ ಮೂಲಕ್ಕೆ ಸೇರಿದುದು. ಹಾವಸೆ ಎಂಬುದು ನಿಂತ ನೀರಿನ ಮೇಲಿನ ಹಸಿರು ಹೊದಿಕೆಯನ್ನು ನೆನಪಿಗೆ ತರುತ್ತದೆ. ಅಳಿವೆಯ ಕೆಸರಿನ ಶೈವಲಗಳಲ್ಲಿ ಬಹುಪಾಲು ಹಸಿರಲ್ಲ. ಡಯಾಟಮ್‌ಗಳಲ್ಲಿ ಪತ್ರಹರಿತ್ತಿನ ಜೊತೆಗೆ ಫ್ಯೂಕೊಜ್ಯಾಂಥಿನ್ ಎಂಬ ವರ್ಣದ್ರವ್ಯವೂ ಇರುವುದರಿಂದ ಅವು ಹೊಂಗಂದು ಬಣ್ಣದವು. ಅಲ್ಲಲ್ಲಿ ಯೂಗ್ಲೀನಾಗಳು ಹಸಿರು ಮಚ್ಚೆಗಳನ್ನೂ, ಸೈನೋಬ್ಯಾಕ್ಟೀರಿಯಗಳು ನೀಲಿಗಪ್ಪಾದ ತೊಗಲಿನಂಥ ಹಾಸನ್ನೂ ಉಂಟುಮಾಡುತ್ತವೆ. ಹೀಗಾಗಿ ಸಂಸ್ಕೃತದ ಶೈವಲ ಶಬ್ದವೇ ಇಲ್ಲಿ ಹೆಚ್ಚು ಸಮರ್ಪಕ. ಅದಕ್ಕೆ ಬಣ್ಣದ ಹಂಗಿಲ್ಲ.

ಡಯಾಟಮ್ ಕೋಶದ ಕವಚ ಸಿಲಿಕಾದಿಂದ, ಎಂದರೆ ಗಾಜಿನ ಮೂಲದ್ರವ್ಯದಿಂದ ಆದುದು. ಪೆಟ್ಟಿಗೆಯೊಂದಕ್ಕೆ ಮುಚ್ಚಳ ಕೂರಿಸಿದಂತೆ ಎರಡು ಅರ್ಧಗಳು ಒಂದರೊಳಗೊಂದು ಕುಳಿತಿರುತ್ತವೆ. ಕೆಸರಿನಲ್ಲಿ ವಾಸಿಸುವ ಪಂಗಡಗಳು ಹೆಚ್ಚಾಗಿ ಉದ್ದನೆಯವು: ನ್ಯಾವಿಕುಲಾ, ನಿಟ್ಷಿಯಾ, ಪ್ಲೂರೋಸಿಗ್ಮಾ, ಗೈರೋಸಿಗ್ಮಾ ಮುಂತಾದುವು. ಇವುಗಳಲ್ಲಿ ಮೊದಲನೆಯ ಹೆಸರು ಭಾಷಾಭ್ಯಾಸಿಯನ್ನು ಕ್ಷಣಕಾಲ ತಡೆದು ನಿಲ್ಲಿಸುವಂಥದು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಸಣ್ಣ ದೋಣಿ ಎಂದು. ಆ ಶಬ್ದವೂ ಸಂಸ್ಕೃತದ ‘ನೌ’ ಮತ್ತು ಅದರಿಂದ ಕನ್ನಡಕ್ಕೆ ಬಂದ ನಾವೆ, ನಾವಿಕ ಎಂಬ ಶಬ್ದಗಳೂ ಒಂದೇ ಮೂಲದವು. ಎರಡು ತುದಿ ಚೂಪಾದ, ನಡುವೆ ಸೀಳುಳ್ಳ ಆ ಆಕೃತಿಯನ್ನು ಕಂಡವರಿಗೆ ತದಡಿಯ ದಕ್ಕೆಯಲ್ಲಿ ಕಟ್ಟಿದ ದೋಣಿಗಳು ನೆನಪಾದರೆ ಅದು ಕೇವಲ ಕಲ್ಪನೆಯಲ್ಲ.

ದೋಣಿಯೆಂಬ ಹೋಲಿಕೆ ಇನ್ನೊಂದು ಕಾರಣಕ್ಕೂ ಸಲ್ಲುತ್ತದೆ. ಈ ಶೈವಲಗಳು ಚಲಿಸುತ್ತವೆ. ಕವಚದ ಉದ್ದಕ್ಕೂ ಇರುವ ಸೀಳಿನಿಂದ ಅಂಟುದ್ರವವನ್ನು ಸ್ರವಿಸುತ್ತ, ಅದರ ಆಸರೆಯಲ್ಲಿ ಕೆಸರಿನ ಕಣಗಳ ನಡುವೆ ಸೆಕೆಂಡಿಗೆ ಕೆಲವು ಮೈಕ್ರಾನಿನಷ್ಟು ದೂರ ಜಾರುತ್ತವೆ. ಇಳಿತದ ವೇಳೆ ಹಗಲಿನಲ್ಲಿ ಒದಗಿದರೆ ಅವು ಮೇಲಕ್ಕೇರಿ ಬರುತ್ತವೆ. ಬೂದುಬಣ್ಣದ ಕೆಸರು ನೋಡನೋಡುತ್ತಿದ್ದಂತೆ ಹೊಂಗಂದು ಬಣ್ಣಕ್ಕೆ ತಿರುಗುತ್ತದೆ. ನೀರು ಮರಳಿ ಬರುವುದಕ್ಕೆ ಮೊದಲೇ ಮತ್ತೆ ಕೆಳಗಿಳಿಯುತ್ತವೆ. ಮೊದಲೇ ಎಂಬ ಮಾತು ಇಲ್ಲಿ ಮುಖ್ಯ. ಅಲೆ ತಾಗಿದ ಮೇಲೆ ಇಳಿಯಹೊರಟರೆ ಅವು ಕೊಚ್ಚಿಹೋಗುತ್ತಿದ್ದವು. ಬರಲಿರುವ ಉಬ್ಬರವನ್ನು ಕಣ್ಣಿಲ್ಲದ, ನರವಿಲ್ಲದ ಏಕಕೋಶಜೀವಿ ಹೇಗೆ ಅರಿಯಬಲ್ಲದು?

ಈ ಪ್ರಶ್ನೆ ವಿದ್ವಾಂಸರನ್ನು ಬಹುಕಾಲ ಕಾಡಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಬಳಿ ಏವನ್ ನದಿಯ ದಂಡೆಯ ಯೂಗ್ಲೀನಾಗಳನ್ನು ರೋಸ್ ಬ್ರೇಚರ್ ಎಂಬ ಸಸ್ಯವಿಜ್ಞಾನಿ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿಯೇ ಗಮನಿಸಿದ್ದರು. ಅಮೆರಿಕದ ಕೇಪ್ ಕಾಡ್ ತೀರದಲ್ಲಿ ಹಂಟ್ಷಿಯಾ ಎಂಬ ಡಯಾಟಮ್ಮನ್ನು ಅಭ್ಯಾಸ ಮಾಡಿದ ಪಾಮರ್ ಮತ್ತು ರೌಂಡ್ ಎಂಬ ವಿದ್ವಾಂಸರು 1967ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ವಿಸ್ಮಯಕಾರಿ. ಕೆಸರನ್ನು ಪ್ರಯೋಗಶಾಲೆಗೆ ತಂದು, ಅಲೆಯೂ ಇಲ್ಲದ, ಬೆಳಕಿನ ಏರಿಳಿತವೂ ಇಲ್ಲದ ಸ್ಥಿತಿಯಲ್ಲಿಟ್ಟರೂ ಆ ಜೀವಿಗಳು ಹಲವು ದಿನಗಳವರೆಗೆ ತಮ್ಮ ತೀರದ ಇಳಿತದ ವೇಳೆಗೆ ಸರಿಯಾಗಿ ಮೇಲೇರಿ ಇಳಿಯುತ್ತಿದ್ದವು. ಇಳಿತದ ವೇಳೆ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆಂಬುದು ಕರಾವಳಿಯವರಿಗೆಲ್ಲ ಗೊತ್ತಿರುವ ಸಂಗತಿ. ಪಾತ್ರೆಯೊಳಗಿನ ಶೈವಲಗಳೂ ಆ ಲೆಕ್ಕವನ್ನು ಹಿಡಿದಿದ್ದವು. ಇಳಿತ ಸರಿಯುತ್ತ ಸಂಜೆಗತ್ತಲೆಯ ಹೊತ್ತಿಗೆ ಹೋದಾಗ ಅವು ಆ ವೇಳೆಯನ್ನು ಬಿಟ್ಟು ಬೆಳಗಿನ ಇಳಿತವನ್ನು ಹಿಡಿದುಕೊಂಡವು. ಸೂರ್ಯನ ದಿನಮಾನ, ಚಂದ್ರನ ದಿನಮಾನ ಎರಡನ್ನೂ ಕೂಡಿಸಿ ನಡೆಯುವ ಪಂಚಾಂಗವೊಂದು ಆ ಕೋಶದೊಳಗೆ ಇದೆಯೆಂದರೆ ಅತಿಶಯೋಕ್ತಿಯಾಗದು.

ಇದನ್ನು ಅಘನಾಶಿನಿಗೆ ಅನ್ವಯಿಸಿ ನೋಡಬೇಕು. ಈ ತೀರದಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ದಿನ ಹಗಲಿನ ಉಬ್ಬರ ನಡುಹಗಲಿನ ಆಸುಪಾಸಿಗೆ ತುಂಬುತ್ತದೆ. ಇಳಿತಗಳು ಬೆಳಗಿನ ಜಾವಕ್ಕೂ ಸಂಜೆಗೂ ಬೀಳುತ್ತವೆ. ಅಂದು ನೀರು ಬಹುದೂರ ಸರಿದು ವಿಶಾಲವಾದ ಬಯಲು ತೆರೆದರೂ ಶೈವಲಗಳಿಗೆ ದೊರೆಯುವುದು ಎಳೆಬಿಸಿಲು ಮಾತ್ರ. ಅಷ್ಟಮಿಯ ಸುತ್ತಿನ ದಿನಗಳಲ್ಲಿ ಇಳಿತ ನಡುಹಗಲಿಗೆ ಬರುತ್ತದೆ. ಬಯಲು ಕಡಿಮೆ, ಬಿಸಿಲು ಹೆಚ್ಚು. ಉರಿಬಿಸಿಲೂ ಅವಕ್ಕೆ ಹಿತವಲ್ಲ. ಬೆಳಕು ಮಿತಿಮೀರಿದರೆ ಕೋಶಗಳು ಒಂದಿಷ್ಟು ಕೆಳಗಿಳಿದು ಕೆಸರಿನ ನೆರಳಿಗೆ ಸೇರುತ್ತವೆ. ಮುಂಗಾರು ಬಂದರೆ ಮೋಡ, ಕದಡಿದ ನೀರು, ಉಪ್ಪಿನ ಅಂಶದ ಕುಸಿತ ಮೂರೂ ಒಟ್ಟಿಗೆ ಎರಗುತ್ತವೆ, ಸಮುದಾಯದ ರಚನೆಯೇ ಬದಲಾಗುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಸಂಶೋಧಕರು ಅಲ್ಲಿಯ ಡಯಾಸ್ ತೀರದ ಮರಳಿನಲ್ಲಿ ನಡೆಸಿದ ಅಧ್ಯಯನಗಳು, ಬೆಳಕು ಎಂದೂ ತಲುಪದ ಆಳದಲ್ಲಿಯೂ ಡಯಾಟಮ್‌ಗಳು ಜೀವಂತವಾಗಿ ಉಳಿದಿರುವುದನ್ನು ತೋರಿಸಿವೆ. ಅಲೆಗಳು ಮರಳನ್ನು ಮಗುಚಿದಾಗ ಅವು ಮತ್ತೆ ಮೇಲೆ ಬಂದು ಬೆಳೆಯತೊಡಗುತ್ತವೆ. ಆಳದ ಪದರವು ಒಂದು ಬಗೆಯ ಬೀಜದ ಕಣಜ.

ಚಲನೆಗಾಗಿ ಸ್ರವಿಸಿದ ಅಂಟು ಅಲ್ಲಿಗೇ ವ್ಯರ್ಥವಾಗುವುದಿಲ್ಲ. ಸಕ್ಕರೆಯ ದೀರ್ಘ ಸರಪಣಿಗಳಿಂದಾದ ಈ ಲೋಳೆ ಕೆಸರಿನ ಕಣಕಣವನ್ನೂ ಬೆಸೆಯುತ್ತದೆ. ಅದು ಇದ್ದಾಗ ಅಲೆಗೆ ಕೆಸರು ಸುಲಭವಾಗಿ ಸವೆಯದು. ಸಗಣಿ ಸಾರಿಸಿದ ಅಂಗಳ ಗಾಳಿಗೆ ಧೂಳೆಬ್ಬಿಸದಿರುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಳಿವೆಯ ಬಯಲು ತನ್ನ ಸ್ಥಾನದಲ್ಲಿ ನಿಲ್ಲುವುದರಲ್ಲಿ ಕಾಂಡ್ಲಾ ಬೇರಿನ ಪಾತ್ರವನ್ನು ಎಲ್ಲರೂ ಒಪ್ಪುತ್ತಾರೆ. ಬೇರಿಲ್ಲದ ಈ ಶೈವಲಗಳ ಪಾತ್ರ ಬಹುತೇಕ ಮಾತಿಗೇ ಬರುವುದಿಲ್ಲ.

ಇನ್ನು ಆಹಾರದ ವಿಚಾರ. ಜಗತ್ತಿನ ಕೆಸರುಬಯಲುಗಳಲ್ಲಿ ಈ ಶೈವಲಗಳು ವರ್ಷಕ್ಕೆ ಪ್ರತಿ ಚದರ ಮೀಟರಿಗೆ ಸುಮಾರು ನೂರು ಗ್ರಾಂ ಇಂಗಾಲವನ್ನು ಸಸ್ಯದ್ರವ್ಯವಾಗಿ ಕಟ್ಟುತ್ತವೆಂದು ಅಂದಾಜು. ಸ್ಥಳದಿಂದ ಸ್ಥಳಕ್ಕೆ ಇದು ಬಹಳ ಹೆಚ್ಚು ಕಡಿಮೆಯಾಗುತ್ತದೆ. ಕೆಲವು ಅಳಿವೆಗಳಲ್ಲಿ ಒಟ್ಟು ಸಸ್ಯೋತ್ಪಾದನೆಯ ಅರ್ಧದವರೆಗೂ ಇವುಗಳದೇ ಪಾಲು. 1996ರಲ್ಲಿ ಈ ವಿಷಯವನ್ನು ಸಮೀಕ್ಷಿಸಿದ ಮೂವರು ವಿದ್ವಾಂಸರು ಇವುಗಳನ್ನು ರಹಸ್ಯ ಉದ್ಯಾನವೆಂದು ಕರೆದರು. ಉದ್ಯಾನವೆನ್ನುವುದಕ್ಕಿಂತ ಗದ್ದೆಯೆನ್ನುವುದು ಹೆಚ್ಚು ಉಚಿತವೆಂದು ತೋರುತ್ತದೆ, ಏಕೆಂದರೆ ಇಲ್ಲಿ ಕೊಯ್ಲು ಬಿಡುವಿಲ್ಲದೆ ನಡೆಯುತ್ತದೆ. ಗಂಡು ಪಿಟೀಲು ಏಡಿ ತನ್ನ ಅತಿದೊಡ್ಡ ಕೊಂಬನ್ನು ಊಟಕ್ಕೆ ಬಳಸಲಾರದೆ ಸಣ್ಣ ಕೊಂಬಿನಿಂದಲೇ ಕೆಸರನ್ನು ಮೊಗೆದು, ಶೈವಲವನ್ನು ಸೋಸಿಕೊಂಡು, ಉಳಿದುದನ್ನು ಉಂಡೆ ಮಾಡಿ ಹೊರಗಿಡುತ್ತದೆ. ಇಳಿತದ ಬಯಲಿನ ತುಂಬ ಕಾಣುವ ಸಾಸಿವೆಯಂಥ ಮಣ್ಣುಂಡೆಗಳು ಆ ಊಟದ ಗುರುತು. ಕೊಂಕಣಿಗರು ಶೆವಟೊ ಎನ್ನುವ ಮುಗಿಲ್ ವರ್ಗದ ಮೀನುಗಳು ಉಬ್ಬರದೊಂದಿಗೆ ಬಂದು ಕೆಸರಿನ ಮೇಲ್ಪದರವನ್ನು ಬಾಯಿಂದ ಕೆರೆದುಕೊಂಡು ಹೋಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ಬಳಚು. ಕೆಸರಿನಲ್ಲಿ ಹೂತುಕೊಂಡಿರುವ ಈ ಚಿಪ್ಪುಜೀವಿ ನೀರು ಬಂದಾಗ ನಳಿಗೆಯನ್ನು ಮೇಲಕ್ಕೆ ಚಾಚಿ ನೀರನ್ನು ಸೋಸಿ ಉಣ್ಣುತ್ತದೆ. ಅದು ಸೋಸುವುದು ಕಡಲಿನಿಂದ ತೇಲಿಬಂದ ಶೈವಲವನ್ನು ಮಾತ್ರವಲ್ಲ. ಉಬ್ಬರದ ಅಲೆ ಬಯಲಿನ ಮೇಲೆ ಹರಿಯುವಾಗ ಕೆಸರಿನ ಡಯಾಟಮ್‌ಗಳಲ್ಲಿ ಒಂದು ಪಾಲು ಎದ್ದು ನೀರಿಗೆ ಬೆರೆಯುತ್ತದೆ. ನೆದರ್ಲೆಂಡಿನ ಗಡಿಯ ಎಮ್ಸ್ ಅಳಿವೆಯಲ್ಲಿ ನೀರಿನಲ್ಲಿ ತೇಲುವ ಸೂಕ್ಷ್ಮ ಶೈವಲಗಳ ದೊಡ್ಡ ಭಾಗ ಹೀಗೆ ಕೆಸರಿನಿಂದ ಎದ್ದುಬಂದುದೆಂದು ಡಿ ಯೋಂಗ ಎಂಬ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು 2008ರ ಸುಮಾರಿಗೆ ನಡೆಸಿದ ಸಮೀಕ್ಷೆಯಂತೆ ಅಘನಾಶಿನಿಯಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳನ್ನು ತೆಗೆಯಲಾಗುತ್ತಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಅದರಿಂದ ನೇರವಾಗಿ ಕೆಲಸ ದೊರೆಯುತ್ತಿತ್ತು. ಅವರಲ್ಲಿ ಹೆಂಗಸರೇ ಬಹಳ. ಇಳಿತದ ವೇಳೆಯನ್ನು ತಿಥಿಯಿಂದ ಲೆಕ್ಕ ಹಾಕಿ, ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಬೆರಳಿನಿಂದ ತಡವಿ ಬಳಚು ಹೆಕ್ಕುವ ಆ ಹೆಂಗಸರೂ ಕೆಸರಿನೊಳಗಿನ ಶೈವಲವೂ ಒಂದೇ ಪಂಚಾಂಗವನ್ನು ನೋಡಿ ದಿನಚರಿ ನಡೆಸುತ್ತಾರೆ.

ಈ ಸೀಮೆಯ ಗಜನಿ ಬೇಸಾಯವನ್ನು ಕುರಿತು ಒಂದು ಮಾತು ಅವಶ್ಯ. ಅಳಿವೆಯ ಅಂಚಿನ ಕೆಸರುನೆಲಕ್ಕೆ ಕಟ್ಟೆ ಹಾಕಿ, ಮಳೆಗಾಲದ ಸಿಹಿನೀರಿನಲ್ಲಿ ಕಗ್ಗವೆಂಬ ಉಪ್ಪು ಸಹಿಸುವ ಭತ್ತವನ್ನು ಬೆಳೆಯುವುದು, ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ಅಲ್ಲಿಯೇ ಕೊಳೆಯಲು ಬಿಡುವುದು, ಅನಂತರ ಉಪ್ಪುನೀರನ್ನು ಒಳಬಿಟ್ಟು ಸಿಗಡಿ ಮೀನು ಹಿಡಿಯುವುದು ಇದರ ಕ್ರಮ. ಕಗ್ಗಕ್ಕೆ ಗೊಬ್ಬರ ಹಾಕುವ ರೂಢಿಯಿಲ್ಲ. ಉಬ್ಬರ ತಂದ ಹೂಳು, ಕೊಳೆತ ಕೂಳೆ, ಅವುಗಳ ಮೇಲೆ ಬೆಳೆದ ಶೈವಲ ಇವೇ ಭತ್ತಕ್ಕೂ ಸಿಗಡಿಗೂ ಆಧಾರ. ಬಯಲಿನ ಗದ್ದೆಯನ್ನು ಕಟ್ಟೆಯೊಳಕ್ಕೆ ಕರೆದುಕೊಂಡ ಈ ವ್ಯವಸ್ಥೆ ಸಿಗಡಿ ಸಾಕಣೆಯ ಹೊಸ ಲಾಭಕ್ಕೆ ಸಿಕ್ಕಿ 1980, 90ರ ದಶಕಗಳಲ್ಲಿ ಬಹಳಷ್ಟು ಕದಡಿಹೋಯಿತು. 1996ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದ ಸಿಗಡಿ ಕೊಳಗಳನ್ನು ತೆರವುಮಾಡಲು ಆದೇಶಿಸಿದಾಗ ಸಾಂಪ್ರದಾಯಿಕ ಪದ್ಧತಿಗಳಿಗೆ ವಿನಾಯಿತಿ ನೀಡಿತು. ಆದರೂ ಕಗ್ಗ ಬೆಳೆಯುವ ನೆಲ ಹಿಂದಿನಷ್ಟು ಉಳಿಯಲಿಲ್ಲ.

ಕೆಸರುಬಯಲನ್ನು ಆಡಳಿತದ ಭಾಷೆ ಹೇಗೆ ಕಾಣುತ್ತದೆ? ಕೇಂದ್ರ ಸರ್ಕಾರ 2000ದಲ್ಲಿ ಪ್ರಕಟಿಸಿದ ಬಂಜರುಭೂಮಿಗಳ ಭೂಪಟದಲ್ಲಿ ನೀರು ನಿಲ್ಲುವ ಜವುಗು ನೆಲವೂ ಒಂದು ವರ್ಗ. ಕಂದಾಯದ ಮಾತಿನಲ್ಲಿ ಸಾಗುವಳಿಗೆ ಬಾರದ ನೆಲ ಖರಾಬು. ಇವಕ್ಕೆ ವಿರುದ್ಧವಾಗಿ 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ 2019ರದೂ ಕಾಂಡ್ಲಾ ಕಾಡು, ಹವಳದ ದಿಬ್ಬಗಳ ಜೊತೆಗೆ ಕೆಸರುಬಯಲನ್ನೂ ಅತ್ಯಂತ ಸೂಕ್ಷ್ಮವಾದ ಒಂದನೆಯ ವರ್ಗದಲ್ಲಿ ಇರಿಸಿವೆ. ಆದರೆ ಎಲ್ಲ ಕೆಸರುಬಯಲನ್ನಲ್ಲ. ‘ಜೈವಿಕವಾಗಿ ಸಕ್ರಿಯ’ವಾದ ಕೆಸರುಬಯಲನ್ನು ಮಾತ್ರ. ಈ ವಿಶೇಷಣದ ಮೇಲೆ ಬಹಳಷ್ಟು ನಿಂತಿದೆ. ಕಾಂಡ್ಲಾ ಕಾಡು ಇದೆಯೋ ಇಲ್ಲವೋ ಎಂಬುದನ್ನು ದಾರಿಯಲ್ಲಿ ಹೋಗುವವನೂ ಹೇಳಬಲ್ಲ. ಕೆಸರು ಸಕ್ರಿಯವೋ ಅಲ್ಲವೋ ಎಂಬುದನ್ನು ಹೇಳಬೇಕಾದರೆ ಸರಿಯಾದ ಇಳಿತದಲ್ಲಿ, ಸರಿಯಾದ ಬೆಳಕಿನಲ್ಲಿ ಮೇಲ್ಪದರವನ್ನು ತೆಗೆದು ಪತ್ರಹರಿತ್ತನ್ನು ಅಳೆಯಬೇಕು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಉಬ್ಬರ ಸಮೀಪಿಸಿದ ಹೊತ್ತಿನಲ್ಲಿ ಬಂದು ಮೇಲ್ಮೈಯನ್ನು ಕಣ್ಣಿನಿಂದಷ್ಟೇ ನೋಡಿದವನಿಗೆ ಏನೂ ಕಾಣದು. ಜೀವಿಗಳು ಆಗಲೇ ಕೆಳಗಿಳಿದಿರುತ್ತವೆ. ಬಯಲು ಬರಡೆಂದು ಬರೆದುಕೊಂಡು ಹೋದರೆ ಬರೆದವನು ಸುಳ್ಳು ಹೇಳಿದನೆನ್ನುವಂತಿಲ್ಲ, ಸತ್ಯ ಹೇಳಿದನೆನ್ನುವಂತೆಯೂ ಇಲ್ಲ.

ಅಘನಾಶಿನಿಗೆ ಇದು ತರ್ಕದ ಮಾತಲ್ಲ. ತದಡಿಯಲ್ಲಿ 4,000 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರವನ್ನು ಕಟ್ಟುವ ಪ್ರಸ್ತಾಪ 2000ದ ದಶಕದಲ್ಲಿ ಬಂದು ಜನರ ವಿರೋಧದಿಂದ ಹಿಂದೆ ಸರಿಯಿತು. ಅನಂತರ ಬೃಹತ್ ಬಂದರಿನ ಪ್ರಸ್ತಾಪ ಬಂದಿತು. ಬಂದರೆಂದರೆ ಹೂಳೆತ್ತುವುದು, ಹೂಳೆತ್ತಿದರೆ ರಾಗಿಕಾಳಿನ ದಪ್ಪದ ಆ ಪದರ ಮೊದಲು ಹೋಗುತ್ತದೆ, ಕದಡಿದ ನೀರಿನಿಂದಾಗಿ ಉಳಿದೆಡೆಯ ಬೆಳಕೂ ಕುಂದುತ್ತದೆ. ಸುಣ್ಣಕ್ಕಾಗಿ ಕೆಸರಿನಡಿಯ ಹಳೆಯ ಚಿಪ್ಪಿನ ಪದರಗಳನ್ನು ಅಗೆಯುವುದರ ಪರಿಣಾಮವೂ ಸಣ್ಣ ಪ್ರಮಾಣದಲ್ಲಿ ಇಂಥದೇ.

ಇದೇ ಬಗೆಯ ವಿವಾದ ಕೆನಡಾದ ವ್ಯಾಂಕೂವರ್ ಬಳಿ ಫ್ರೇಸರ್ ನದಿಯ ಅಳಿವೆಯಲ್ಲಿ ನಡೆದಿದೆ. ಅಲ್ಲಿ ವಲಸೆಯ ಕಾಲದಲ್ಲಿ ತಂಗುವ ಪಶ್ಚಿಮದ ಉಲ್ಲಂಕಿಗಳು ಹುಳುಗಳನ್ನು ತಿನ್ನುತ್ತವೆಂದೇ ನಂಬಲಾಗಿತ್ತು. 2008ರಲ್ಲಿ ಕುವಾಯೆ ಎಂಬ ಜಪಾನಿ ವಿಜ್ಞಾನಿ ಮತ್ತು ಅವರ ಸಂಗಡಿಗರು, ಆ ಹಕ್ಕಿಗಳು ಕೂದಲಿನಂಥ ಅಂಚುಳ್ಳ ನಾಲಗೆಯಿಂದ ಕೆಸರಿನ ಶೈವಲದ ಲೋಳೆಯನ್ನೇ ನೆಕ್ಕುತ್ತವೆಂದೂ ಆಹಾರದ ಸುಮಾರು ಅರ್ಧಭಾಗ ಅದೇ ಎಂದೂ ತೋರಿಸಿದರು. ಅಲ್ಲಿಯ ರಾಬರ್ಟ್ಸ್ ಬ್ಯಾಂಕ್ ಎಂಬಲ್ಲಿ ಬಂದರನ್ನು ವಿಸ್ತರಿಸುವ ಯೋಜನೆಯ ವಿಚಾರಣೆಯಲ್ಲಿ ಈ ಲೋಳೆಯ ಪದರ ಬಹು ಮುಖ್ಯವಾದ ಚರ್ಚೆಯ ವಿಷಯವಾಯಿತು. 2023ರಲ್ಲಿ ಕೆನಡಾ ಸರ್ಕಾರ 370 ಷರತ್ತುಗಳೊಡನೆ ಯೋಜನೆಗೆ ಒಪ್ಪಿಗೆ ನೀಡಿತು. ಒಪ್ಪಿಗೆ ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಕೆಸರಿನ ಮೇಲಿನ ಲೋಳೆಗೆ ಹೆಸರಿಟ್ಟು, ಅಳೆದು, ವಾದಿಸಿದ ಮೇಲೆಯೇ ಅಲ್ಲಿ ತೀರ್ಮಾನವಾಯಿತು.

ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಪ್ರದೇಶ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದರ ಸಮರ್ಥನೆಯಲ್ಲಿ ಮೀನುಗಾರಿಕೆ, ಬಳಚು, ಗಜನಿ ಭತ್ತ, ಉಪ್ಪು ಇವುಗಳಿಂದ ಬದುಕುವ ಆರು ಸಾವಿರಕ್ಕೂ ಹೆಚ್ಚು ಕುಟುಂಬಗಳ ಉಲ್ಲೇಖವಿದೆ. ಆ ನಾಲ್ಕರಲ್ಲಿ ಉಪ್ಪೊಂದನ್ನು ಬಿಟ್ಟರೆ ಉಳಿದ ಮೂರರ ಬುಡದಲ್ಲಿಯೂ ಕೆಸರಿನ ಶೈವಲದ ಪಾಲಿದೆ. ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ಸಹ ಪೂರ್ತಿಯಾಗಿ ಬಿಡುವಂತಿಲ್ಲ: ಇಂಥ ಆಗರಗಳ ತಳದಲ್ಲಿ ಬೆಳೆಯುವ ಸೈನೋಬ್ಯಾಕ್ಟೀರಿಯಗಳ ಹಾಸು ಉಪ್ಪುನೀರು ನೆಲಕ್ಕೆ ಇಂಗಿಹೋಗದಂತೆ ತಡೆಯುತ್ತದೆ.